ಕೈ ನೆನೆಸದ ಆರು ವಾರ

ಜನವರಿ 9, ಗುರುವಾರ

ಯಂತ್ರಕ್ಕೆ ನನ್ನ ಬೆರಳು ಕಾಣಿಸಲಿಲ್ಲ.

ಹತ್ತರಲ್ಲಿ ಆರು. ಎರಡು ಹೆಬ್ಬೆರಳು, ಎರಡು ತೋರುಬೆರಳು, ಎರಡು ನಡುಬೆರಳು. ಗಾಜಿನ ಮೇಲೆ ಒಂದೊಂದನ್ನೇ ಒತ್ತಿದೆ. ಪ್ರತಿ ಸಲವೂ ಪರದೆಯ ಮೇಲೆ ಬೂದು ಬಣ್ಣದ ಮೊಟ್ಟೆಯಂಥ ಆಕಾರ, ಒಳಗೆ ಏನೂ ಇಲ್ಲ, ಪಕ್ಕದಲ್ಲಿ ಕೆಂಪು ದೀಪ. ಉಂಗುರದ ಬೆರಳು, ಕಿರುಬೆರಳುಗಳಿಗೆ ಮಾತ್ರ ಹಸಿರು. ಕೆಲಸ ಮಾಡದ ಬೆರಳುಗಳಿಗಷ್ಟೇ ಈ ದೇಶದಲ್ಲಿ ಗುರುತು.

ಗುಮಾಸ್ತ ಕೆಟ್ಟವನಲ್ಲ. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದ, ಮೂಗು ಕಟ್ಟಿತ್ತು. "ಒರೆಸ್ಕೊಳ್ಳಿ" ಎಂದ, ಒರೆಸಿಕೊಂಡೆ. "ಇನ್ನೊಂಚೂರು ಒತ್ತಿ" ಎಂದ, ಒತ್ತಿದೆ. ಕೊನೆಗೆ ಕೇಳಿದ:

"ಏನ್ ಕೆಲಸ ಮಾಡ್ತೀರಿ?"

"ಪಿಂಗಾಣಿ ಕಾರ್ಖಾನೆ. ಕಪ್ ನಯ ಮಾಡೋದು."

"ಹಾಗಾದ್ರೆ ಸ್ವಲ್ಪ ದಿನ ಮಾಡಬೇಡಿ. ಗೆರೆ ತಾನಾಗೇ ಬರುತ್ತೆ."

ನಿಯಮಗಳ ಹಾಳೆ ಕೊಟ್ಟಿದ್ದಾನೆ. ಬಸ್ಸಿನಲ್ಲಿ ಮೂರು ಸಲ ಓದಿದೆ. ಕೆಲಸಕ್ಕೆಂದು ಬಂದ ಹೊರದೇಶದವರಿಗೆ ಮೊದಲ ವರ್ಷ ಬರೀ ಕಾಗದ, ಆಮೇಲೆ ವಾಸದ ಪರವಾನಗಿಯ ಕಾರ್ಡ್. ಕಾರ್ಡಿಗೆ ಹತ್ತೂ ಬೆರಳಿನ ಅಚ್ಚು ಬೇಕು. ಒಂದು ಬೆರಳು ಬಾರದಿದ್ದರೆ ಕೌಂಟರಿನ ಅಧಿಕಾರಿಯೇ ಕಾರಣ ಬರೆದು ಒಪ್ಪಬಹುದು. ಒಂದಕ್ಕಿಂತ ಹೆಚ್ಚಾದರೆ ಇಲ್ಲ. ಬೇಕೆಂದೇ ಸವೆಸಿಕೊಂಡದ್ದು ಎಂದು ಕಂಡುಬಂದರೆ ಅರ್ಜಿಯೇ ತಿರಸ್ಕೃತ. ಕಾರ್ಡ್ ಇದ್ದವರು ಮಾತ್ರ ಮಕ್ಕಳನ್ನು ಕರೆಸಿಕೊಳ್ಳಬಹುದು. ಅರ್ಜಿ ಕೊಡುವ ದಿನ ಮಗುವಿಗೆ ಹನ್ನೆರಡು ತುಂಬಿರಬಾರದು.

ಸಾಸಿವೆಗೆ ಮಾರ್ಚ್ 21ಕ್ಕೆ ಹನ್ನೆರಡು ತುಂಬುತ್ತದೆ.

ನನಗೆ ಕೊಟ್ಟಿರುವ ಮುಂದಿನ ತಾರೀಖು ಫೆಬ್ರವರಿ 20. ಅದೂ ತಪ್ಪಿದರೆ ಮೂರನೆಯದು ಜುಲೈನಲ್ಲಿ.

ಕಾಗದದ ಹಿಂಬದಿಯಲ್ಲಿ ಇನ್ನೆರಡು ಸಾಲು ಇವೆ. ಏಳು ದಿನಕ್ಕಿಂತ ಹೆಚ್ಚು ಕೆಲಸ ತಪ್ಪಿಸಿದರೆ ಕಾಗದ ರದ್ದು. ಬೇರೆ ಬಗೆಯ ಕೆಲಸಕ್ಕೆ ಹೋದರೂ ರದ್ದು. ಅಂದರೆ ಕೆಲಸ ಬಿಡುವಂತಿಲ್ಲ, ಬದಲಿಸುವಂತಿಲ್ಲ, ಮಾಡುವಂತಿಲ್ಲ.

ಯಾರಿಗೂ ಹೇಳುವುದಿಲ್ಲ. ನನ್ನ ತಾಪತ್ರಯ ನನಗೆ.

ಜನವರಿ 10, ಶುಕ್ರವಾರ

ಎರಡು ಹೋಳಿನ ಅಚ್ಚಿನಿಂದ ಬಿಡಿಸಿದ ಹಸಿ ಕಪ್‌ನ ಮೈಮೇಲೆ, ಹೋಳುಗಳು ಕೂಡಿದ ಕಡೆ, ಕೂದಲೆಳೆಯಷ್ಟು ಗೆರೆ ಉಳಿದಿರುತ್ತದೆ. ಅದನ್ನು ಬ್ಲೇಡಿನಿಂದ ಹೆರೆದು, ಒದ್ದೆ ಸ್ಪಾಂಜಿನಿಂದ ಒರೆಸಿ, ಬೆರಳ ತುದಿಯಿಂದ ತೀಡಬೇಕು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಇಲ್ಲಿ ತೀಡದೆ ಬಿಟ್ಟ ಗೆರೆ ಭಟ್ಟಿಯಿಂದ ಬರುವಾಗ ಎದ್ದು ಕೂತಿರುತ್ತದೆ, ಆಮೇಲೆ ದೇವರೇ ಬಂದರೂ ಹೋಗುವುದಿಲ್ಲ. ಜೇಡಿಯ ನೀರು ನೋಡಲು ಹಾಲಿನ ಹಾಗೆ. ಒಳಗಿರುವುದೆಲ್ಲ ನುಣ್ಣನೆಯ ಮರಳು. ದಿನಕ್ಕೆ ಮುನ್ನೂರು ಕಪ್, ಹದಿನಾಲ್ಕು ತಿಂಗಳು. ನಾನು ಅವುಗಳ ಗೆರೆ ಅಳಿಸಿದೆ, ಅವು ನನ್ನ ಗೆರೆ ಅಳಿಸಿದವು.

ಇವತ್ತು ರಬ್ಬರಿನ ಕೈಗವಸು ಹಾಕಿಕೊಂಡು ಕೂತೆ. ಚಳಿ ಎಂದು ಹೇಳಿದೆ. ಗವಸಿನೊಳಗಿನ ಬೆರಳು ಕಿವುಡಾಗುತ್ತದೆ. ಮಧ್ಯಾಹ್ನ ಮೇಲ್ವಿಚಾರಕಿ ಎರಡು ಕಪ್ ವಾಪಸ್ ತಂದು ನನ್ನ ಮುಂದೆ ಇಟ್ಟರು. ಅರವತ್ತು ದಾಟಿದ ಹೆಂಗಸು. ಅವರ ಕೈ ತಪ್ಪಿಸಿ ಏನೂ ಹೋಗದು ಎಂದು ಮೇಜಿನ ಉಳಿದವರು ಬೆನ್ನ ಹಿಂದೆ ಅವರನ್ನು ಜರಡಿ ಎನ್ನುತ್ತಾರೆ.

"ಏನಿದು, ಕಪ್‌ಗೆ ಮೀಸೆ ಬಂದಿದೆ?" ಎಂದರು.

ನನ್ನ ಪಕ್ಕದ ಕುರ್ಚಿಯವಳು ಕಿಸಕ್ಕನೆ ನಕ್ಕಳು. ಅವಳಿಗೆ ರೇಡಿಯೋ ಎಂದು ಹೆಸರು. ಗುಂಡಿ ಒತ್ತಿದರೂ ನಿಲ್ಲುವುದಿಲ್ಲ. ನನ್ನ ಕೆಲಸ ವಾಪಸ್ ಬಂದದ್ದು ಇದೇ ಮೊದಲು. ಸಾಯಂಕಾಲದವರೆಗೂ ಕಿವಿ ಬಿಸಿಯಾಗಿತ್ತು.

ಜನವರಿ 12, ಭಾನುವಾರ

ಭಾನುವಾರ ನಾಲ್ಕಕ್ಕೆ ಫೋನು. ಸಾಸಿವೆ ನನ್ನ ತಂಗಿಯ ಮನೆಯಲ್ಲಿದ್ದಾಳೆ. ಅವಳಪ್ಪ ಹೋಗಿ ಐದು ವರ್ಷ. ಹುಟ್ಟಿದಾಗ ಅಂಗೈಯಷ್ಟಿದ್ದಳು, ಅದಕ್ಕೇ ಸಾಸಿವೆ ಎಂದೆವು. ಎಣ್ಣೆ ಕಾದಮೇಲೆ ತಿಳಿಯಿತು, ಹೆಸರು ಎಷ್ಟು ಸರಿಯಾಗಿ ಬಿದ್ದಿದೆ ಎಂದು.

"ಕಾರ್ಡ್ ಬಂತಾ?"

"ಇನ್ನೊಂದು ತಾರೀಖು ಕೊಟ್ಟಿದ್ದಾರೆ, ಪುಟ್ಟಿ."

"ಯಾಕೆ?"

"ಬೆರಳಿನ ಗೆರೆ ಕಾಣಿಸ್ತಿಲ್ವಂತೆ. ಸವೆದು ಹೋಗಿದೆ."

"ಚಪ್ಪಲಿ ಥರಾನಾ?"

"ಹೂಂ. ಚಪ್ಪಲಿ ಥರ."

ಆಮೇಲೆ: "ಮೊದಲು ಬೇಸಿಗೆ ರಜಕ್ಕೆ ಅಂದೆ. ಆಮೇಲೆ ಚಳಿಗಾಲ ಅಂದೆ. ಈಗ ಬೆರಳು. ಮುಂದಿನ ಸಲ ಮೂಗು ಅಂತೀಯ."

ಫೋನು ತಂಗಿಯ ಕೈಗೆ ಹೋಯಿತು. "ಬಿಡೇ, ಮಕ್ಕಳ ಮಾತು" ಎಂದಳು. ಮಕ್ಕಳ ಮಾತಾದ್ದರಿಂದಲೇ ಬಿಡಲಾಗುವುದಿಲ್ಲ.

ಜನವರಿ 14, ಮಂಗಳವಾರ

ಎಲ್ಲರೂ ಊಟಕ್ಕೆ ಎದ್ದಮೇಲೆ ಮೇಲ್ವಿಚಾರಕಿ ನನ್ನ ಎದುರು ಕೂತರು.

"ಗವಸು ಬಿಚ್ಚು."

ಬಿಚ್ಚಿದೆ. ಅವರು ಕಪ್ ಹಿಡಿಯುವ ಹಾಗೇ ನನ್ನ ಕೈ ಹಿಡಿದು ದೀಪದ ಕೆಳಗೆ ತಿರುಗಿಸಿ ನೋಡಿದರು.

"ಕಚೇರಿಗೆ ಹೋಗಿದ್ದೆ ಅಲ್ವಾ? ಎಷ್ಟು ಬರಲಿಲ್ಲ?"

"ಆರು."

"ಮತ್ತೆ ಯಾವಾಗ?"

"ಫೆಬ್ರವರಿ ಇಪ್ಪತ್ತಕ್ಕೆ."

"ಐದು ದಿನದಿಂದ ಬಾಯಿಗೆ ಬೀಗ ಜಡ್ಕೊಂಡು ಕೂತಿದೀಯಲ್ಲ. ಹೇಳಿದ್ರೆ ನಿನ್ನ ನುಂಗಿಬಿಡ್ತಿದ್ನಾ?" ಕೈ ಬಿಡಲಿಲ್ಲ. "ಈ ಕುರ್ಚಿಲಿ ನಿನಗಿಂತ ಮುಂಚೆ ಒಬ್ಬಳು ಇದ್ದಳು. ನಿನ್ನ ಹಾಗೇ ಹೊರಗಿಂದ ಬಂದೋಳು, ನಿನ್ನ ಹಾಗೇ ಮಹಾಮೌನಿ. ಒಂದಿನ ಬಂದು ನೋಡಿದ್ರೆ ಕುರ್ಚಿ ಖಾಲಿ. ಏನಾಯ್ತು ಅಂತ ಗೊತ್ತಾಗೋ ಹೊತ್ತಿಗೆ ಅವಳು ಊರು ಸೇರಿದ್ದಳು."

ಸಾಸಿವೆಯ ವಿಷಯ ಹೇಳಿದೆ. ಎಷ್ಟು ಹೇಳಿದೆನೋ ತಿಳಿಯದು. ಅವರ ಅನ್ನದ ಡಬ್ಬಿ ತೆರೆಯದೇ ಉಳಿಯಿತು.

ಕೊನೆಗೆ ತಮ್ಮ ಎರಡೂ ಕೈ ಮೇಜಿನ ಮೇಲೆ ಮಲಗಿಸಿ ತೋರಿಸಿದರು. ಹತ್ತು ಬೆರಳೂ ಬೋಳು. ಬಳಸಿ ಬಳಸಿ ತೆಳುವಾದ ಸೋಪಿನ ತುಂಡುಗಳ ಹಾಗೆ.

"ನಲವತ್ತಮೂರು ವರ್ಷ" ಎಂದರು.

"ಹಾಗಾದ್ರೆ ನಿಮ್ಮ ಕಾರ್ಡು?"

"ನಾನು ಇಲ್ಲೇ ಹುಟ್ಟಿದೋಳು. ನನ್ನ ಬೆರಳು ಯಾರಿಗೆ ಬೇಕು?"

ಜನವರಿ 15, ಬುಧವಾರ

ಹೊಸ ವ್ಯವಸ್ಥೆ. ನಾನು ನನ್ನ ಕುರ್ಚಿಯಲ್ಲೇ ಇರುತ್ತೇನೆ, ನೀರು ಮುಟ್ಟುವುದಿಲ್ಲ. ನನ್ನ ಪಾಲಿನ ಕಪ್‌ಗಳನ್ನು ಮೇಜಿನ ಉಳಿದ ಐವರು ಹಂಚಿಕೊಳ್ಳುತ್ತಾರೆ. ಅದಕ್ಕೆ ಬದಲಾಗಿ ಅವರು ತೀಡಿದ ಪ್ರತಿ ಕಪ್ಪನ್ನೂ ನಾನು ಪರೀಕ್ಷಿಸಬೇಕು. ಪರೀಕ್ಷೆಯೂ ನಯ ಮಾಡುವ ಕೆಲಸದ ಒಂದು ಭಾಗವೇ, ಕಾಗದದ ಒಂದು ಅಕ್ಷರವೂ ಸುಳ್ಳಾಗುವುದಿಲ್ಲ. ಇದನ್ನು ಮೇಲ್ವಿಚಾರಕಿ ಎರಡು ಸಲ ಒತ್ತಿ ಹೇಳಿದರು. ನನ್ನ ಸ್ವಭಾವ ಅವರಿಗೆ ಗೊತ್ತಾಗಿದೆ.

ಬೆರಳಿಲ್ಲದೆ ಪರೀಕ್ಷಿಸುವುದು ಹೇಗೆ? ಅವರೇ ತೋರಿಸಿಕೊಟ್ಟರು. ಕೆಳತುಟಿಯಿಂದ. ಕಪ್ಪನ್ನು ಹತ್ತಿಬಟ್ಟೆಯಲ್ಲಿ ಹಿಡಿದು ಗೆರೆ ಇರಬಹುದಾದ ಕಡೆ ತುಟಿಯನ್ನು ಮೆಲ್ಲಗೆ ಓಡಿಸಬೇಕು. ಬೆರಳು ಸವೆದ ಮೇಲೆ ಈ ಕಾರ್ಖಾನೆಯ ಹಳಬರೆಲ್ಲ ಹೀಗೇ ಮಾಡುತ್ತಿದ್ದರಂತೆ. ಅವರು ಮಾಡುವುದೂ ಹೀಗೇ. ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಾರೆ ಎಂದುಕೊಂಡಿದ್ದೆ ಇಷ್ಟು ದಿನ.

"ಕೊನೆಗೆ ಕಪ್ ಹೋಗೋದು ತುಟಿಗೇ ತಾನೇ? ಅದನ್ನೇ ಮೊದಲು ಕೇಳಿಬಿಡು" ಎಂದರು.

ರೇಡಿಯೋಗೆ ಹಬ್ಬ. "ಬೆಳಗ್ಗೆಯಿಂದ ಸಾಯಂಕಾಲದವರೆಗೆ ಮುತ್ತು ಕೊಡೋದೇ ಕೆಲಸ! ನನ್ನ ಗಂಡನಿಗೆ ಇಪ್ಪತ್ತು ವರ್ಷದಲ್ಲಿ ಇಷ್ಟು ಸಿಕ್ಕಿಲ್ಲ."

"ಅವನಿಗೂ ಗೆರೆ ಇದ್ರೆ ಕಳಿಸು, ನೋಡ್ತಾಳೆ" ಎಂದರು ಮೇಲ್ವಿಚಾರಕಿ, ತಲೆಯೆತ್ತದೆ.

ಐವರೂ ನಕ್ಕರು. ನಾನು ನಗಲಿಲ್ಲ. ನನ್ನ ಕಪ್‌ಗಳು ಅವರ ಮುಂದೆ ರಾಶಿ ಬಿದ್ದಿರುವುದನ್ನು ನೋಡುತ್ತ ಇಡೀ ದಿನ ಕೂತಿರುವುದು ಎಷ್ಟು ಕಷ್ಟ ಎಂದು ಅವರಿಗೆ ತಿಳಿಯದು. ಯಾರ ಹಂಗಿನಲ್ಲೂ ಬಿದ್ದವಳಲ್ಲ ನಾನು.

ಜನವರಿ 19, ಭಾನುವಾರ

ಬಾಗಿಲು ತಟ್ಟಿದ ಸದ್ದು. ಕೆಳಗಿನ ಮನೆಯೊಡತಿ. ಈ ಹದಿನಾಲ್ಕು ತಿಂಗಳಲ್ಲಿ ನಾವು ಮೂರು ಸಲ ಮಾತಾಡಿದ್ದೇವೆ, ಮೂರೂ ಸಲ ನಲ್ಲಿಯ ಬಗ್ಗೆ. ಎಂಬತ್ತರ ಹತ್ತಿರದವರು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು.

"ನಾಲ್ಕು ದಿನದಿಂದ ಮೇಲೆ ನೀರಿನ ಸದ್ದೇ ಇಲ್ಲ. ಸತ್ತಿದೀಯೋ ಏನೋ ನೋಡ್ಕೊಂಡು ಹೋಗೋಣ ಅಂತ ಬಂದೆ."

ಬದುಕಿದ್ದೇನೆ ಎಂದೆ. ಅವರ ಕಣ್ಣು ನನ್ನನ್ನು ದಾಟಿ ತೊಳೆಯದ ಪಾತ್ರೆಗಳ ಮೇಲೆ ಹೋಯಿತು, ಅಲ್ಲಿಂದ ನೆನೆಹಾಕದ ಬಟ್ಟೆಗಳ ಮೇಲೆ. ಹೇಳಲೇಬೇಕಾಯಿತು. ಕೇಳಿದವರು ಒಳಗೆ ಬಂದು, ಸೆರಗು ಸಿಕ್ಕಿಸಿ, ಪಾತ್ರೆ ತೊಳೆಯಲು ನಿಂತರು. ಬೇಡ, ಬೇಡ ಎಂದು ಅವರ ಹಿಂದೆಯೇ ತಿರುಗಿದೆ.

"ನಿನ್ನ ತಟ್ಟೆಗೇನು ಸುಂಕ ಇದೆಯಾ? ಸುಮ್ಮನೆ ಕೂತ್ಕೋ ಮಗಳೇ, ಕಾಲಿಗೆ ಅಡ್ಡ ಬರ್ತೀಯ."

ಕೂತೆ. ಏನು ಮಾಡಬೇಕೆಂದು ತೋಚದೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡೆ, ಬೇರೆ ಯಾರದೋ ಸಾಮಾನು ಕಾಯುವವಳ ಹಾಗೆ.

ಸಾಸಿವೆ ಇವತ್ತು ಫೋನಿಗೆ ಬರಲಿಲ್ಲ. ಆಡಲು ಹೋಗಿದ್ದಾಳಂತೆ. ತಂಗಿಗೆ ಸುಳ್ಳು ಹೇಳಲು ಬರುವುದಿಲ್ಲ.

ಜನವರಿ 26, ಭಾನುವಾರ

ಬೆಳಗಿನ ಬಿಸಿಲಲ್ಲಿ, ಕಿಟಕಿಯ ಹತ್ತಿರ, ಎಡಗೈ ತೋರುಬೆರಳಿನ ಅಂಚಿನಲ್ಲಿ ನಾಲ್ಕು ಗೆರೆ. ಮೊದಲು ಬಟ್ಟೆಯ ಅಚ್ಚೆಂದು ಒರೆಸಿಕೊಂಡೆ. ಹೋಗಲಿಲ್ಲ.

ಕೆಳಗೆ ಓಡಿದೆ. ಯಾಕೆ ಓಡಿದೆನೋ. ಮನೆಯೊಡತಿ ಅಜ್ಜಿ ಪತ್ರಿಕೆ ಓದುವ ಭೂತಗನ್ನಡಿ ಹಿಡಿದು ನೋಡಿ, "ನಾಲ್ಕಲ್ಲ, ಐದು" ಎಂದರು. ಅವರಿಗೆ ಲೆಕ್ಕದಲ್ಲಿ ಪಟ್ಟು ಜಾಸ್ತಿ. ನಾಲ್ಕೇ.

ನಾಲ್ಕು ಗಂಟೆಗೆ ಸಾಸಿವೆಯೇ ಫೋನೆತ್ತಿದಳು. ಸಿಟ್ಟಿನ ದನಿ, ಆದರೂ ಅವಳೇ.

"ಎಷ್ಟು ಬಂತು?"

"ನಾಲ್ಕು."

"ನಾಲ್ಕು ಬೆರಳಾ?"

"ನಾಲ್ಕು ಗೆರೆ."

"ನಾಲ್ಕೇ ಗೆರೇನಾ! ನನ್ನ ಹೆಬ್ಬೆರಳಲ್ಲಿ ಎಷ್ಟಿದೆ ಗೊತ್ತಾ? ಇರು." ಎಣಿಸುವುದು ಕೇಳಿಸಿತು. ಹದಿನೇಳರ ಹತ್ತಿರ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ತಂಗಿ ಹಿಂದಿನಿಂದ ಏನೋ ಅಂದಳು, ಇವಳು ಹಶ್ ಎಂದಳು. ನಾನು ಕಿವಿಗೆ ಫೋನು ಒತ್ತಿಕೊಂಡು ನಿಂತಿದ್ದೆ. ನನ್ನ ಮಗಳು ಒಂದರಿಂದ ಇಪ್ಪತ್ತಾರರವರೆಗೆ ಎಣಿಸುವುದನ್ನು ಎಷ್ಟು ವರ್ಷದ ಮೇಲೆ ಕೇಳುತ್ತಿದ್ದೇನೆ!

"ಇಪ್ಪತ್ತಾರು. ಬೇಕಾದ್ರೆ ಕೊಡ್ತಿದ್ದೆ" ಎಂದಳು.

ಫೆಬ್ರವರಿ 4, ಮಂಗಳವಾರ

ಎಡಗೈ ತೋರುಬೆರಳು ಪೂರ್ತಿ. ನಡುಬೆರಳುಗಳು ಮುಕ್ಕಾಲು. ಹೆಬ್ಬೆರಳುಗಳು ಹಿಂದುಳಿದಿವೆ.

ಊಟದ ಹೊತ್ತಿಗೆ ಮೇಜಿನವರೆಲ್ಲ ಸಾಲಾಗಿ ಬಂದು ನೋಡುತ್ತಾರೆ, ಹೊಸ ಮಗು ನೋಡಲು ಬಂದವರ ಹಾಗೆ. "ಹೆಬ್ಬೆರಳು ಸೋಮಾರಿ, ಅಪ್ಪನ ಕಡೆ ಹೋಗಿರಬೇಕು" ಎಂದಳು ರೇಡಿಯೋ. ನನಗೆ ಎಷ್ಟು ನಗು ಬಂತೆಂದರೆ ಬಾಯಲ್ಲಿದ್ದ ಅನ್ನ ಗಂಟಲಿಗೆ ಸಿಕ್ಕಿತು. ಮೇಲ್ವಿಚಾರಕಿ, ಈಗ ನನಗೂ ಮೇಸ್ತ್ರಿಯಕ್ಕ, ಬೆನ್ನಿಗೆ ಗುದ್ದಿದರು. ನಲವತ್ತಮೂರು ವರ್ಷ ಜೇಡಿಯಲ್ಲಿ ಪಳಗಿದ ಕೈ. ಇನ್ನೂ ನೋಯುತ್ತಿದೆ.

ರಾಶಿಯಾಗಿ ಬಂದ ಕಪ್‌ಗಳಲ್ಲಿ ಯಾವುದು ಯಾರದೆಂದು ಈಗ ತುಟಿಗೆ ತಿಳಿಯುತ್ತದೆ. ರೇಡಿಯೋ ಹಿಡಿಕೆಯ ಬುಡದಲ್ಲಿ ಅವಸರ ಮಾಡುತ್ತಾಳೆ. ಮೂಲೆಯಲ್ಲಿ ಕೂರುವವಳು ಬೇಕಾದ್ದಕ್ಕಿಂತ ಹೆಚ್ಚು ತೀಡುತ್ತಾಳೆ, ಮನೆಯಲ್ಲಿ ಏನೋ ಚಿಂತೆ ಇದ್ದೀತು. ಹದಿನಾಲ್ಕು ತಿಂಗಳು ಇವರ ನಡುವೆ ಕೂತಿದ್ದೆ, ನನಗೆ ನನ್ನ ಕಪ್ ಮಾತ್ರ ಗೊತ್ತಿತ್ತು.

ಫೆಬ್ರವರಿ 9, ಭಾನುವಾರ

ಅಜ್ಜಿ ತಲೆಗೆ ನೀರು ಹಾಕಿದಳು. ಸೀಗೆಪುಡಿ ಕಣ್ಣಿಗೆ ಹೋಯಿತು ಎಂದೆ. ಹೋಗಿರಲಿಲ್ಲ.

ಫೆಬ್ರವರಿ 12, ಬುಧವಾರ

ನಾನೇ ಮಾಡಿಕೊಂಡದ್ದು. ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ.

ಇವತ್ತು ಹೊಸ ಅಚ್ಚಿನ ಕಪ್‌ಗಳು ಬಂದವು, ತೆಳು ಮೈ, ಹಿಡಿಕೆಯ ಬುಡದಲ್ಲಿ ಮೊಂಡು ಗೆರೆ. ರೇಡಿಯೋ ತೀಡಿದ್ದನ್ನು ಮೂರು ಸಲ ಹಿಂದಕ್ಕೆ ಕೊಟ್ಟೆ. "ಎಲ್ಲಿದೆ ತಾಯಿ, ತೋರಿಸು, ನನಗಂತೂ ಸಿಗ್ತಿಲ್ಲ" ಎಂದಳು. ತೋರಿಸಲೆಂದು ಬಲಗೈಯ ಗವಸು ಬಿಚ್ಚಿ ಹೆಬ್ಬೆರಳನ್ನು ಅಲ್ಲಿಟ್ಟೆ.

ತಿಂಗಳ ಮೇಲೆ ಬೆರಳು ಜೇಡಿ ಮುಟ್ಟಿತು. ಹೊಸ ಕನ್ನಡಕ ಹಾಕಿಕೊಂಡವರು ಮರದಲ್ಲಿ ಎಲೆ ಎಲೆ ಕಂಡು ಬೆರಗಾಗುತ್ತಾರಲ್ಲ, ಹಾಗೆ. ಗೆರೆ, ಅದರ ಏರು, ಅದು ತಿರುಗುವ ಜಾಗ, ಎಲ್ಲವೂ ತಿಳಿಯಿತು. ಒಂದನ್ನು ತೀಡಿದೆ. ಪಕ್ಕದ್ದು ಕೈಗೆ ಬಂತು. ಅದರ ಪಕ್ಕದ್ದೂ. ಯಾರೂ ಗಮನಿಸಲಿಲ್ಲ. ನಾನು ತೀಡುತ್ತ ಕೂತಿರುವುದಕ್ಕಿಂತ ಸಾಮಾನ್ಯ ದೃಶ್ಯ ಆ ಕೋಣೆಯಲ್ಲಿ ಇನ್ನೊಂದಿಲ್ಲ. ನನಗೂ ಅನ್ನಿಸಲಿಲ್ಲ. ಏನನ್ನೋ ಗುನುಗುತ್ತಿದ್ದೆನಂತೆ.

ಮೇಸ್ತ್ರಿಯಕ್ಕ ಬಂದು ನಿಂತಾಗ ಪಕ್ಕದ ಹಲಗೆಯ ಮೇಲೆ ನಲವತ್ತು ಕಪ್ ಇದ್ದವು.

"ಏನ್ ಮಾಡ್ತಿದೀಯ?" ಎಂದರು, ಬಹಳ ಮೆಲ್ಲಗೆ.

ಕೈ ನೋಡಿಕೊಂಡೆ. ಹಿಡಿಕೆಯ ಬುಡಕ್ಕೆ ಹೆಬ್ಬೆರಳೊಂದೇ ಹೋಗುತ್ತದೆ, ಉಳಿದ ನಾಲ್ಕು ಒಳಗಿನ ಒಣ ಗೋಡೆಯನ್ನು ಹಿಡಿದಿರುತ್ತವೆ. ಅದರಿಂದ ಅವು ಉಳಿದವು. ಹೆಬ್ಬೆರಳು ಮೊಟ್ಟೆಯ ಹಾಗೆ ಹೊಳೆಯುತ್ತಿತ್ತು. ಐದು ವಾರ ಕಾಯ್ದದ್ದು ಒಂದು ಗಂಟೆಯಲ್ಲಿ ಹೋಯಿತು.

ರೇಡಿಯೋ ಅಳತೊಡಗಿದಳು. ನಾನೇ ತೋರಿಸು ಅಂದೆ, ನಾನೇ ಅಂದೆ ಎಂದು. ನನ್ನ ಬೆರಳಿಗೆ ಅವಳು ಅಳುವುದು, ಅವಳನ್ನು ನಾನು ಸಮಾಧಾನ ಮಾಡುವುದು. ಇನ್ನು ಎಂಟು ದಿನ. ಎಂಟು ದಿನದಲ್ಲಿ ಏನೂ ಬರುವುದಿಲ್ಲ.

ಒಂದು ಬೆರಳು ಬಾರದಿದ್ದರೆ ಅಧಿಕಾರಿ ಒಪ್ಪಬಹುದು. ಬೇಕೆಂದೇ ಸವೆಸಿಕೊಂಡದ್ದಾದರೆ ಇಲ್ಲ. ಒಂಬತ್ತರಲ್ಲಿ ಗೆರೆ, ಒಂದು ಮಾತ್ರ ಹೊಸದಾಗಿ ನುಣ್ಣಗೆ: ನೋಡಿದವರು ಏನೆನ್ನುತ್ತಾರೆ?

ಫೆಬ್ರವರಿ 13, ಗುರುವಾರ

ಮೇಸ್ತ್ರಿಯಕ್ಕ ಬೆಳಗ್ಗೆ ಹತ್ತಿಯ ಗವಸು ತೊಡಿಸಿ, ಮಣಿಕಟ್ಟಿಗೆ ದಾರ ಸುತ್ತಿ, ನನಗೆ ಬಿಚ್ಚಲಾಗದ ಕಡೆ ಗಂಟು ಹಾಕಿದಳು. ಎರಡೂ ಕೈಗೆ.

"ನಿನ್ನ ಮೇಲೆ ನನಗೆ ನಂಬಿಕೆ ಇದೆ. ನಿನ್ನ ಕೈ ಮೇಲಿಲ್ಲ."

ಊಟದಲ್ಲಿ ರೇಡಿಯೋ ತುತ್ತು ಮಾಡಿ ಕೊಟ್ಟಳು. ಅವಳದು ದೊಡ್ಡ ತುತ್ತು. ಸಾಯಂಕಾಲ ಅಜ್ಜಿ ಗಂಟು ಬಿಚ್ಚಿ, ಕೈಗೆ ಎಣ್ಣೆ ಹಚ್ಚಿ, ಒಂದೊಂದೇ ಬೆರಳನ್ನು ನೀವಿದಳು. ಸಾಸಿವೆಯ ಬೆರಳುಗಳನ್ನು ನಾನು ಹೀಗೆ ನೀವುತ್ತಿದ್ದೆ, ಅವಳು ತೊಟ್ಟಿಲಲ್ಲಿದ್ದಾಗ.

ಫೆಬ್ರವರಿ 16, ಭಾನುವಾರ

ಸಾಸಿವೆಗೆ ಹೆಬ್ಬೆರಳಿನ ವಿಷಯ ಹೇಳಿದೆ. ಬಚ್ಚಿಡಬಹುದಿತ್ತು. ಅವಳು ಸಿಡಿಯಲಿಲ್ಲ. "ನೀನು ಬೇಕೂಂತ ಮಾಡಲಿಲ್ಲ ತಾನೇ?" ಎಂದು ಕೇಳಿದಳು. "ಇಲ್ಲ ಪುಟ್ಟಿ. ಕೆಲಸ ಚೆನ್ನಾಗಿತ್ತು, ಮರೆತುಹೋಯ್ತು" ಎಂದೆ.

"ನಾನೂ ಆಟಕ್ಕೆ ಹೋದ್ರೆ ಊಟ ಮರೀತೀನಿ. ಚಿಕ್ಕಮ್ಮ ಬೈತಾಳೆ. ನಿನಗೆ ಯಾರು ಬೈದ್ರು?"

"ಯಾರೂ ಬೈಲಿಲ್ಲ."

"ಒಳ್ಳೆಯೋರಿದ್ದಾರೆ ಅಲ್ಲಿ" ಎಂದಳು, ದೊಡ್ಡವರ ಹಾಗೆ.

ಫೆಬ್ರವರಿ 20, ಗುರುವಾರ

ಎಲ್ಲವನ್ನೂ ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಅಕ್ಕ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಳು. ಬೇಡ ಎನ್ನಬೇಕೆಂದು ನನಗೆ ಹೊಳೆಯಲೇ ಇಲ್ಲ. ಬಸ್ಸಿನಲ್ಲಿ ನನ್ನ ಎರಡೂ ಕೈಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡಿದ್ದಳು, ಯಾರಾದರೂ ತಾಗಿಸಿಯಾರು ಎಂದು.

ಅದೇ ಕೌಂಟರ್, ಅದೇ ಮಫ್ಲರ್. ನೆಗಡಿ ಹೋಗಿತ್ತು. ಎಡಗೈ: ಹಸಿರು, ಹಸಿರು, ಹಸಿರು, ಹಸಿರು. ಎಡ ಹೆಬ್ಬೆರಳು ಎರಡನೆಯ ಸಲಕ್ಕೆ ಹಸಿರು. ಬಲಗೈ ನಾಲ್ಕು ಹಸಿರು. "ಚೆನ್ನಾಗಿ ಬೆಳೆಸಿದೀರಿ" ಎಂದ, ತೋಟದ ಬಗ್ಗೆ ಹೇಳುವ ಹಾಗೆ. ಆಮೇಲೆ ಬಲ ಹೆಬ್ಬೆರಳು. ಕೆಂಪು. ಗಾಜಿಗೆ ಬಾಯಿಂದ ಹಬೆ ಊದಿ ಒರೆಸಿ, ಇನ್ನೊಮ್ಮೆ ಎಂದ. ಕೆಂಪು. ನನ್ನ ಬೆರಳನ್ನು ಹತ್ತಿರ ಹಿಡಿದು ನೋಡಿದ. ಮುಖ ಬದಲಾಯಿತು.

"ಇದು ಹೊಸದಾಗಿ ಉಜ್ಜಿರೋದು."

"ಹೌದು."

"ಯಾರು ಉಜ್ಜಿದ್ದು?"

"ನಾನೇ" ಎಂದೆ. ಬೇರೆ ಏನು ಹೇಳಲಿ? ನಿಜ ಅದೇ.

ಅವನು ಪೆನ್ನು ಕೆಳಗಿಟ್ಟ. "ನೀವು ಹೀಗಂದ್ರೆ ನಾನು ಏನು ಬರೀಬೇಕು ಹೇಳಿ? ಗುರುತು ಸಿಗಬಾರದು ಅಂತ ಬೆರಳು ಸವೆಸಿಕೊಂಡು ಬರೋರು ಇದ್ದಾರೆ. ನಿಯಮ ಇರೋದೇ ಅವರಿಗೆ."

ಹಿಂದೆ ಕೂತಿದ್ದ ಅಕ್ಕ ಎದ್ದು ಬಂದಳು.

"ಉಜ್ಜಿಕೊಂಡಿದ್ದಾಳೆ ಸ್ವಾಮಿ. ನಲವತ್ತು ಕಪ್‌ಗೆ."

"ನೀವ್ಯಾರಮ್ಮ?"

"ಇವಳ ಮೇಸ್ತ್ರಿ. ಒಂದು ನಿಮಿಷ" ಎಂದವಳೇ, ಅವನು ಬೇಡ ಎನ್ನುವುದರೊಳಗೆ ತನ್ನ ಬಲಗೈ ನಾಲ್ಕು ಬೆರಳನ್ನು ಗಾಜಿನ ಮೇಲೆ ಇಟ್ಟಳು. ಕೆಂಪು. ಎಡಗೈ. ಕೆಂಪು. ಎರಡು ಹೆಬ್ಬೆರಳು. ಕೆಂಪು. ಯಂತ್ರ ಕಿರ್ ಎಂದು ಸದ್ದು ಮಾಡಿತು. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು.

"ನನ್ನ ಅಜ್ಜನ ಕಾಲದಿಂದ ಇದೇ ಊರು. ನಿಮ್ಮ ಯಂತ್ರದ ಪ್ರಕಾರ ನಾನು ಹುಟ್ಟೇ ಇಲ್ಲ. ನಾನು ಯಾರಿಂದ ಬಚ್ಚಿಟ್ಟುಕೋಬೇಕಿತ್ತು, ಹೇಳಿ?"

ಗುಮಾಸ್ತನ ಮೇಜಿನ ಮೇಲೆ ಟೀ ಕಪ್ ಇತ್ತು. ಅಕ್ಕ ಅದನ್ನು ಎತ್ತಿ, ಟೀ ಚೆಲ್ಲದ ಹಾಗೆ ಹಿಡಿದು, ತಳ ನೋಡಿದಳು. "ನಮ್ಮದೇ. ಇದರ ಹಿಡಿಕೆ ಬುಡ ಮುಟ್ಟಿ ನೋಡಿ. ಚುಚ್ಚುತ್ತಾ?"

ಅವನು ನಿಜವಾಗಿಯೂ ಮುಟ್ಟಿ ನೋಡಿದ.

"ಇಲ್ಲ."

"ಆ ಚುಚ್ಚೋದು ಎಲ್ಲಿ ಹೋಯ್ತು ಅಂತ ಇಷ್ಟು ವರ್ಷ ಕುಡಿದು ಒಂದಿನಾದ್ರೂ ಯೋಚನೆ ಮಾಡಿದ್ರಾ?"

ನಾನು ಅವಳ ಸೆರಗು ಹಿಡಿದು ಎಳೆದೆ. ಕೆಲಸ ಕೆಡುತ್ತದೆ ಎಂದು ಭಯ. ಗುಮಾಸ್ತ ಕಪ್ಪನ್ನು ಒಮ್ಮೆ ತಿರುಗಿಸಿ ಕೆಳಗಿಟ್ಟ. ಆಮೇಲೆ ನನ್ನ ಕಡೆ ನೋಡಿದ.

"ಆರು ವಾರ ಕೆಲಸಕ್ಕೆ ಹೋಗಿದ್ರಾ?"

"ಒಂದು ದಿನವೂ ತಪ್ಪಿಸಿಲ್ಲ."

"ಮತ್ತೆ ಈ ಒಂಬತ್ತು ಹೇಗೆ ಬೆಳೆದವು?"

ಅದಕ್ಕೆ ಉತ್ತರ ಹೇಳಲು ಹೋದೆ. ಐವರ ಕಪ್ ರಾಶಿ, ತುಟಿ, ಅಜ್ಜಿಯ ಎಣ್ಣೆ, ಎಲ್ಲಿಂದ ಶುರು ಮಾಡಲಿ? "ಜನ ಇದ್ದಾರೆ" ಎಂದಷ್ಟೇ ಹೇಳಿದೆ.

ಅವನು ಬರೆಯತೊಡಗಿದ. ತಲೆಕೆಳಗಾಗಿ ಓದಿದೆ: ಬಲ ಹೆಬ್ಬೆರಳು, ವೃತ್ತಿಯಿಂದ ಸವೆದಿದೆ. ನಾನೇ ಪರಿಶೀಲಿಸಿದ್ದೇನೆ. ಕೆಳಗೆ ಸಹಿ, ಮೊಹರು.

ಹೊರಗೆ ಬಂದಮೇಲೆ ಅಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಅವನು ಬೈದು ಕಳಿಸಿದ್ರೆ ನನ್ನ ಕಥೆ ಏನಾಗ್ತಿತ್ತೇ" ಎಂದು ನಗುತ್ತಿದ್ದಳು. ನಾನೂ ಕೂತೆ.

ಫೆಬ್ರವರಿ 21, ಶುಕ್ರವಾರ

ಕೈ ನೀರಿಗೆ ಹಾಕಿದೆ. ಮೊದಲ ಅರವತ್ತು ಕಪ್ ರೇಡಿಯೋ ಪಾಲಿನದು. ಅವಳು ಬೇಡ ಎಂದು ಜಗಳಕ್ಕೆ ನಿಂತಳು.

ಮಾರ್ಚ್ 3, ಸೋಮವಾರ

ಕಾರ್ಡ್ ಬಂತು. ಫೋಟೋದಲ್ಲಿ ಕಳ್ಳಿಯ ಹಾಗಿದ್ದೇನೆ ಎಂದಳು ಅಜ್ಜಿ. ಅದೇ ಕೌಂಟರಿನಲ್ಲಿ ಸಾಸಿವೆಯ ಅರ್ಜಿ ಕೊಟ್ಟೆ. ಹನ್ನೆರಡಕ್ಕೆ ಹದಿನೆಂಟು ದಿನ ಬಾಕಿ. ಗುಮಾಸ್ತ ಹುಟ್ಟಿದ ತಾರೀಖಿನ ಮೇಲೆ ಬೆರಳಿಟ್ಟು ಎರಡು ಸಲ ಓದಿ, ಮೊಹರು ಒತ್ತಿದ.

ಅಕ್ಕ ಕಾಗದದಲ್ಲಿ ಸುತ್ತಿದ ಒಂದು ಕಪ್ ತಂದು ನನ್ನ ಮೇಜಿನ ಮೇಲಿಟ್ಟಳು. ಭಟ್ಟಿಯಿಂದ ಬಂದದ್ದು, ಬಿಳಿ, ತೆಳು ಮೈ. ಆ ನಲವತ್ತರಲ್ಲಿ ಒಂದು.

"ನಿನ್ನ ಹೆಬ್ಬೆರಳು ಇದರಲ್ಲಿದೆ. ಒಡೀಬೇಡ."

ಮಾರ್ಚ್ 21, ಶುಕ್ರವಾರ

ಸಾಸಿವೆಗೆ ಹನ್ನೆರಡು ತುಂಬಿತು. "ಈಗ ಪರವಾಗಿಲ್ಲ ತಾನೇ?" ಎಂದು ಕೇಳಿದಳು. ಪರವಾಗಿಲ್ಲ ಎಂದೆ. "ಹಾಗಾದ್ರೆ ಇವತ್ತಿಂದ ನಾನು ದೊಡ್ಡೋಳಾಗಬಹುದು" ಎಂದಳು. ಇಷ್ಟು ದಿನ ತಡೆದುಕೊಂಡಿದ್ದಳಂತೆ.

ಏಪ್ರಿಲ್ 24, ಗುರುವಾರ

ಸಾಸಿವೆಯ ಪರವಾನಗಿ ಬಂತು. ಕಾಗದ ಹಿಡಿದುಕೊಂಡು ಮೊದಲು ಕೆಳಗೆ ಹೋದೆ.

ಮೇ 18, ಭಾನುವಾರ

ಬಂದಳು. ನನ್ನ ಭುಜಕ್ಕೆ ಬಂದಿದ್ದಾಳೆ.

ಗಡಿ ತಪಾಸಣೆಯ ಗಾಜಿನ ಬಾಗಿಲಿನ ಆಚೆ ಅವಳ ಸರದಿ ಬಂದದ್ದು ನನಗೆ ಕಾಣುತ್ತಿತ್ತು. ಅಲ್ಲಿಯೂ ಅಂಥದ್ದೇ ಯಂತ್ರ. ಅವಳು ಹೊರಗೆ ಬಂದವಳೇ ಹೇಳಿದ ಮೊದಲ ಮಾತು: "ಅಮ್ಮ, ನನ್ನದು ಹತ್ತೂ ಒಂದೇ ಸಲಕ್ಕೆ ಬಂತು!" ಆಮೇಲೆ ಅತ್ತಳು. ಆಮೇಲೆ ಹಸಿವು ಎಂದಳು.

ಅಜ್ಜಿ ಕೆಳಗಿನ ಬಾಗಿಲಲ್ಲೇ ಹಿಡಿದುಕೊಂಡು ಅರ್ಧ ಗಂಟೆ ಬಿಡಲಿಲ್ಲ. ನಾಳೆ ಮೇಜಿನವರೆಲ್ಲ ನೋಡಲು ಬರುತ್ತಾರೆ. ರೇಡಿಯೋಗೂ ಇವಳಿಗೂ ಮಾತು ಶುರುವಾದರೆ ನಾವು ಉಳಿದವರು ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕಾದೀತು.

ಸಂಜೆ ಆ ಬಿಳಿ ಕಪ್‌ನಲ್ಲಿ ಹಾಲು ಕೊಟ್ಟೆ. ಇವಳು ನನ್ನ ಕೈ ಎಳೆದುಕೊಂಡು ಹೆಬ್ಬೆರಳು ನೋಡಿದಳು. ಮೂರು ತಿಂಗಳ ಕೆಲಸ ಆಗಿದೆ, ಉಳಿದವೂ ಬೋಳಾಗುತ್ತ ಬಂದಿವೆ. ಎರಡು ವರ್ಷಕ್ಕೆ ಕಾರ್ಡ್ ನವೀಕರಿಸಬೇಕು. ಆಗ ಆರು ವಾರ ನನ್ನ ಕಪ್‌ಗಳನ್ನು ಯಾರು ಯಾರು ಎತ್ತಿಕೊಳ್ಳುವುದೆಂದು ಅಕ್ಕ ಈಗಲೇ ಗೋಡೆಯ ಮೇಲೆ ಬರೆದಿಟ್ಟಿದ್ದಾಳೆ.

"ನುಣ್ಣಗಿದೆ" ಎಂದಳು ಸಾಸಿವೆ. ಹಾಲು ಕುಡಿಯುತ್ತ ಹಿಡಿಕೆಯ ಬುಡವನ್ನು ತನ್ನ ಬೆರಳಿಂದ ಸವರುತ್ತಿದ್ದಳು, ಹೇಳಿಕೊಡದಿದ್ದರೂ. ಒಮ್ಮೆ ನಿಲ್ಲಿಸಿದಳು.

"ಅಮ್ಮ, ಇಲ್ಲೇನೋ ಇದೆ."

"ಇರೋದಿಲ್ಲ. ಅದು ನಾನು ಮಾಡಿದ್ದು."

"ಇದೆ. ಮುಟ್ಟಿ ನೋಡು."

ಮುಟ್ಟಿದೆ. ನನ್ನ ಬೆರಳಿಗೆ ಏನೂ ಸಿಗಲಿಲ್ಲ. ಹಾಲು ಮುಗಿಯುವವರೆಗೆ ಕಾದು, ಕಪ್ಪನ್ನು ತಿರುಗಿಸಿ ಕೆಳತುಟಿಗೆ ತಾಗಿಸಿಕೊಂಡೆ. ಇತ್ತು. ಕೂದಲೆಳೆಗಿಂತ ತೆಳುವಾಗಿ, ಹಿಡಿಕೆ ತಿರುಗುವ ಕಡೆ, ಅರ್ಧ ಅಂಗುಲ. ಜರಡಿಯ ಕಣ್ಣಿನಿಂದಲೂ ತಪ್ಪಿಸಿಕೊಂಡದ್ದು. ಅಥವಾ ಅಕ್ಕ ಬೇಕೆಂದೇ ಬಿಟ್ಟದ್ದು.

"ಇದೆಯಾ?"

"ಇದೆ."

"ನಾನು ಹೇಳಲಿಲ್ವಾ!" ಎಂದು ಸಾಸಿವೆ ಸಿಡಿದಳು.

ಅವಳ ಬೆರಳನ್ನು ಹಿಡಿದು ಆ ಗೆರೆಯ ಮೇಲೆ ಇನ್ನೊಮ್ಮೆ ಓಡಿಸಿದೆ.